ಎಕ್ಸ್‌ಕೆಡಿ 501: ಬೋಲ್ಟ್ ಬಿಚ್ಚಿದರೂ ಎರಡಾಗದ ಡಿ-ಟೈಪ್

ಮೊಂಡು ಮೂಗಿನ ನೀಲಿ ಕಾರು. ಚಾಲಕನ ತಲೆಯ ಹಿಂದೆ ಮೀನಿನ ಈಜುರೆಕ್ಕೆಯಂಥದ್ದೊಂದು ಎದ್ದು ನಿಂತಿದೆ. ನೋಂದಣಿ ಸಂಖ್ಯೆ ಎಂಡಬ್ಲ್ಯುಎಸ್ 301, ಚಾಸಿ ನಂಬರ್ ಎಕ್ಸ್‌ಕೆಡಿ 501. 2016ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಆರ್‌ಎಂ ಸೋದೆಬಿಸ್ ನಡೆಸಿದ ಹರಾಜಿನಲ್ಲಿ ಈ ಜಾಗ್ವಾರ್ ಡಿ-ಟೈಪ್ ರೇಸ್ ಕಾರು 2.178 ಕೋಟಿ ಡಾಲರ್‌ಗೆ ಮಾರಾಟವಾಯಿತು. ಆಗಿನ ವಿನಿಮಯ ದರದಲ್ಲಿ ಹೆಚ್ಚುಕಮ್ಮಿ 145 ಕೋಟಿ ರೂಪಾಯಿ. ಹರಾಜಿಗೆ ಬಂದ ಬ್ರಿಟಿಷ್ ಕಾರುಗಳಲ್ಲಿ ಅಂದಿಗೆ ಅದೇ ದಾಖಲೆ; ಮರುವರ್ಷ ಅದೇ ಊರಿನಲ್ಲಿ ಆಸ್ಟನ್ ಮಾರ್ಟಿನ್ ಡಿಬಿಆರ್1 ಒಂದು 2.255 ಕೋಟಿ ಡಾಲರ್ ತಂದು ಆ ದಾಖಲೆ ಮುರಿಯಿತು.

ಇಷ್ಟು ದುಡ್ಡಿನಲ್ಲಿ ಎಂಜಿನ್ನಿಗೆ, ಬಾಡಿಗೆ ಸಲ್ಲುವುದು ಎಷ್ಟು, ಚರಿತ್ರೆಗೆ ಸಲ್ಲುವುದು ಎಷ್ಟು? ಡಿ-ಟೈಪ್ ಬಲ್ಲವರಿಗೆ ಉತ್ತರ ಗೊತ್ತು. ಎಂಜಿನ್ ಹೊಸದಾಗಿ ಕಟ್ಟಿಸಬಹುದು, ಅಲ್ಯೂಮಿನಿಯಂ ಹಾಳೆ ಬಡಿದು ಬಾಡಿ ಮಾಡಿಸಬಹುದು. ಕೈಯಿಂದ ಕೈಗೆ ಹೋದ ಲೆಕ್ಕ ಎಲ್ಲೂ ತಪ್ಪದ ಒಂದು ಫೈಲನ್ನು ಮಾತ್ರ ಯಾವ ವರ್ಕ್‌ಶಾಪೂ ಮಾಡಿಕೊಡುವುದಿಲ್ಲ. ಡಿ-ಟೈಪ್ ವಿಷಯದಲ್ಲಿ ಈ ಮಾತಿಗೆ ಇನ್ನೂ ತೂಕ ಹೆಚ್ಚು. ಕಾರಣ ಆ ಕಾರನ್ನು ಕಟ್ಟಿದ ರೀತಿಯಲ್ಲೇ ಇದೆ.

1954ರಲ್ಲಿ ಬಂದ ಮೊದಲ ಡಿ-ಟೈಪ್‌ಗಳಲ್ಲಿ ಚಾಲಕ ಕೂರುವ ನಡುಭಾಗ ಹಗುರ ಲೋಹದ ಹಾಳೆಗಳನ್ನು ರಿವೆಟ್ ಹೊಡೆದು ಕೂಡಿಸಿದ ತೊಟ್ಟಿ. ವಿಮಾನ ಕಾರ್ಖಾನೆಯಿಂದ ಬಂದ ಮ್ಯಾಲ್ಕಂ ಸೇಯರ್ ಗಾಳಿಯ ಲೆಕ್ಕ ಹಾಕಿ ಬಾಡಿಯ ಆಕಾರ ಕೊಟ್ಟರೆ, ಎಂಜಿನಿಯರಿಂಗ್ ಹೊಣೆ ವಿಲಿಯಂ ಹೇನ್ಸ್ ಅವರದು. ಎಂಜಿನ್ ಹೊರುವ ಮುಂದಿನ ಕೊಳವೆ ಚೌಕಟ್ಟನ್ನು ಆಗ ತೊಟ್ಟಿಗೇ ವೆಲ್ಡ್ ಮಾಡಿದ್ದರು. ಗಟ್ಟಿ, ಹಗುರ, ಆದರೆ ಮೂಗು ಗುದ್ದಿತೋ ಇಡೀ ತೊಟ್ಟಿಗೆ ಕೈ ಹಾಕಬೇಕು. 1955ರಲ್ಲಿ ಗಿರಾಕಿಗಳಿಗೆಂದು ಕಾರು ಮಾಡಲು ಹೊರಟಾಗ ಅದನ್ನು ಬಿಟ್ಟು ಉಕ್ಕಿನ ಕೊಳವೆಯ ಚೌಕಟ್ಟು ಮಾಡಿ ತೊಟ್ಟಿಗೆ ಬೋಲ್ಟ್ ಹಾಕಿ ಕೂಡಿಸಿದರು. ರೇಸ್ ತಂಡಕ್ಕೆ ಇದು ದೊಡ್ಡ ವರ. ಗುದ್ದಿದ ಚೌಕಟ್ಟು ಬಿಚ್ಚು, ಬೇರೆಯದು ಕೂಡಿಸು, ಮುಂದಿನ ರೇಸಿಗೆ ಹೊರಡು.

ಮುಂದೆ ಬೆಲೆ ಏರಿದಾಗ ಅದೇ ವರ ಶಾಪವಾಯಿತು. ಹಳೆಯ ಚೌಕಟ್ಟು ಒಬ್ಬರ ಶೆಡ್ಡಿನಲ್ಲಿ, ತೊಟ್ಟಿ ಇನ್ನೊಬ್ಬರ ಕೈಯಲ್ಲಿ. ಇವರು ಚೌಕಟ್ಟಿಗೆ ಹೊಸ ತೊಟ್ಟಿ ಕಟ್ಟಿಸಿದರು, ಅವರು ತೊಟ್ಟಿಗೆ ಹೊಸ ಚೌಕಟ್ಟು ಮಾಡಿಸಿದರು. ಒಂದೇ ನಂಬರಿನ ಎರಡು ಕಾರು, ಇಬ್ಬರ ಬಳಿಯೂ ಅರ್ಧ ಸತ್ಯ. ಡಿ-ಟೈಪ್ ಲೋಕದಲ್ಲಿ ಇದು ಒಂದು ಸಲ ನಡೆದು ಮುಗಿದ ಕತೆಯಲ್ಲ.

501 ಹೀಗೆ ಎರಡಾಗಲಿಲ್ಲ, ಅದರ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಇದು ಕಾರ್ಖಾನೆಯ ಸ್ವಂತ ತಂಡದ ಕಾರಲ್ಲ, ಮಾರಾಟಕ್ಕೆಂದು ಮಾಡಿದ ಸರಣಿಯ ಮೊದಲ ನಂಬರು. 1955ರ ಮೇ ತಿಂಗಳಲ್ಲಿ ಎಡಿನ್‌ಬರೋದ ಎಕ್ಯುರಿ ಎಕೋಸ್ ತಂಡಕ್ಕೆ ಬಂತು. ಫ್ರೆಂಚ್ ಹೆಸರು, ಅರ್ಥ ‘ಸ್ಕಾಟ್ಲೆಂಡಿನ ಲಾಯ’. ತಂಡದ ಒಡೆಯ ಡೇವಿಡ್ ಮರ್ರೆ ಲೆಕ್ಕಪರಿಶೋಧಕ, ಕಾರುಗಳನ್ನು ಸಿದ್ಧ ಮಾಡುತ್ತಿದ್ದವರು ವಿಲ್ಕಿ ವಿಲ್ಕಿನ್ಸನ್, ಜಾಗ ಮರ್ಚಿಸ್ಟನ್ ಮ್ಯೂಸ್ ಎಂಬ ಓಣಿಯ ಗ್ಯಾರೇಜು. ಹೊಳೆಯುವ ಕಡುನೀಲಿ ಬಣ್ಣ, ಪಕ್ಕದಲ್ಲಿ ಸ್ಕಾಟ್ಲೆಂಡ್ ಬಾವುಟದ ಗುರಾಣಿ.

ಬಂದ ತಿಂಗಳಲ್ಲೇ ಜಿಮ್ಮಿ ಸ್ಟೀವರ್ಟ್ ಓಡಿಸುವಾಗ ಕಾರು ಗುದ್ದಿತು, ರಿಪೇರಿಗೆ ಜಾಗ್ವಾರ್ ಕಾರ್ಖಾನೆಗೆ ವಾಪಸಾಯಿತು. ಮುಂದೆ ಮೂರು ಸಲ ವಿಶ್ವ ಚಾಂಪಿಯನ್ ಆದ ಜಾಕಿ ಸ್ಟೀವರ್ಟ್ ಅವರ ಅಣ್ಣ ಈ ಜಿಮ್ಮಿ. ಆಮೇಲೆ ಡೆಸ್ಮಂಡ್ ಟಿಟರಿಂಗ್ಟನ್, ನಿನಿಯನ್ ಸ್ಯಾಂಡರ್ಸನ್ ಓಡಿಸಿದರು. ಕೊಳ್ಳುವವರು ಇಂಥ ಅಪಘಾತದ ದಾಖಲೆ ಕಂಡು ಹಿಂದೆ ಸರಿಯಬೇಕಿಲ್ಲ. ಗುದ್ದೇ ಇಲ್ಲ ಎನ್ನುವ ರೇಸ್ ಕಾರಿನ ಫೈಲನ್ನೇ ಎರಡು ಸಲ ತಿರುವಿ ನೋಡಬೇಕು. ಕೇಳಬೇಕಾದ್ದು ರಿಪೇರಿ ಎಲ್ಲಿ ಆಯಿತು, ಯಾರು ಮಾಡಿದರು, ಬಿಚ್ಚಿದ ಭಾಗ ಎಲ್ಲಿಗೆ ಹೋಯಿತು ಎಂದು.

ಕಾರಿನ ಬೆಲೆ ನಿಂತಿರುವುದು 1956ರ ಜುಲೈ 28, 29ರ ಮೇಲೆ. ಹಿಂದಿನ ವರ್ಷದ ಭೀಕರ ದುರಂತದ ನಂತರ ಟ್ರ್ಯಾಕ್ ಬದಲಿಸುವ ಕೆಲಸ ನಡೆದು, 24 ಗಂಟೆಯಲ್ಲಿ ಹೆಚ್ಚು ದೂರ ಓಡಿದವರು ಗೆಲ್ಲುವ ಫ್ರಾನ್ಸಿನ ಲೆ ಮಾನ್ ರೇಸ್ ಜೂನ್‌ನಿಂದ ಜುಲೈಗೆ ಹೋಗಿತ್ತು. ನಿಯಮ ಬಿಗಿಯಾಗಿತ್ತು: ಟ್ಯಾಂಕಿಗೆ 130 ಲೀಟರ್ ಮಿತಿ, ಒಮ್ಮೆ ತುಂಬಿಸಿದರೆ 34 ಸುತ್ತು ಮುಗಿಯುವವರೆಗೆ ಮತ್ತೆ ಪೆಟ್ರೋಲ್ ಇಲ್ಲ. ಒಂದು ಸುತ್ತಿಗೆ 13.461 ಕಿಲೋಮೀಟರ್. ಲೆಕ್ಕ ಹಾಕಿ, ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಡಲೇಬೇಕು. ಪೂರ್ಣ ಅಗಲದ ಗಾಜು ಕಡ್ಡಾಯ ಬೇರೆ, ಗಾಳಿಯ ತಡೆ ಹೆಚ್ಚಿ ಪೆಟ್ರೋಲ್ ಇನ್ನಷ್ಟು ಕುಡಿಯುತ್ತದೆ. ಕಾಲಿನ ಹತೋಟಿ ಇಲ್ಲದ ಚಾಲಕನಿಗೆ ಆ ವರ್ಷ ಲೆ ಮಾನ್ ಅಲ್ಲ.

ಜಾಗ್ವಾರ್ ಕಾರ್ಖಾನೆ ತಂಡ ಮೂರು ಉದ್ದ ಮೂಗಿನ ಕಾರು ತಂದಿತ್ತು. ಎರಡನೇ ಸುತ್ತಿನಲ್ಲೇ ಎಸ್ಸೆಸ್ ತಿರುವುಗಳಲ್ಲಿ ಪಾಲ್ ಫ್ರೇರ್ ಕಾರು ತಿರುಗಿ ನಿಂತು, ಹಿಂದಿದ್ದ ಜಾಕ್ ಫೇರ್‌ಮನ್ ಕಾರೂ ಆ ಗೊಂದಲಕ್ಕೆ ಸಿಕ್ಕಿ, ಎರಡೂ ಮನೆಗೆ ಹೋದವು. ಉಳಿದ ಮೈಕ್ ಹಾಥಾರ್ನ್ ಕಾರಿನ ಇಂಜೆಕ್ಷನ್ ಪೈಪಿನಲ್ಲಿ ಕೂದಲೆಳೆಯಂಥ ಬಿರುಕು. ಅದು ಎಲ್ಲಿದೆ ಎಂದು ಹುಡುಕುವುದರಲ್ಲೇ ಹೊತ್ತು ಹೋಗಿ ಕೊನೆಗೆ ಆರನೇ ಸ್ಥಾನ. ಸ್ಕಾಟ್ಲೆಂಡಿನ ಖಾಸಗಿ ತಂಡದ ಒಂದೇ ಒಂದು ಕಾರು, 4ನೇ ನಂಬರು ಹೊತ್ತ 501, ಮೋಟು ಮೂಗು, ಮಾಮೂಲಿ ವೆಬರ್ ಕಾರ್ಬೊರೇಟರ್ ಇಟ್ಟುಕೊಂಡು ಓಡುತ್ತಲೇ ಇತ್ತು. ರಾನ್ ಫ್ಲಾಕ್‌ಹಾರ್ಟ್, ಸ್ಯಾಂಡರ್ಸನ್ ಇಬ್ಬರೇ 24 ಗಂಟೆ ಹಂಚಿಕೊಂಡರು. 300 ಸುತ್ತು, 4,034.9 ಕಿಲೋಮೀಟರ್, ಸರಾಸರಿ ಗಂಟೆಗೆ 168 ಕಿಲೋಮೀಟರ್, ಮೊದಲ ಸ್ಥಾನ. ಎರಡನೆಯದು ಸ್ಟರ್ಲಿಂಗ್ ಮಾಸ್ ಮತ್ತು ಪೀಟರ್ ಕಾಲಿನ್ಸ್ ಅವರ ಆಸ್ಟನ್ ಮಾರ್ಟಿನ್, 299 ಸುತ್ತು. 1957ರಲ್ಲೂ ಇದೇ ತಂಡ ಲೆ ಮಾನ್ ಗೆದ್ದಿತು, ಒಂದು ಎರಡು ಎರಡೂ ಸ್ಥಾನ ಬಾಚಿಕೊಂಡಿತು. ಆದರೆ ಆ ಕಾರುಗಳು ಬೇರೆ; 501ರ ಲೆಕ್ಕಕ್ಕೆ ಅವನ್ನು ಸೇರಿಸಬಾರದು. ಹಾಗೆಯೇ ತಂಡದ ಹೆಸರಾಂತ ಕಾಮರ್ ಲಾರಿ, ಮೂರು ಕಾರು ಹೊರುವ ಆ ಚಂದದ ನೀಲಿ ಟ್ರಾನ್ಸ್‌ಪೋರ್ಟರ್, ಈ ಗೆಲುವಿನ ಎಷ್ಟೋ ದಿನದ ಮೇಲೆ ಬಂದದ್ದು. ಪಟಗಳಲ್ಲಿ ಎರಡನ್ನೂ ಒಟ್ಟಿಗೆ ನಿಲ್ಲಿಸಿ ಜನ ಮೋಸ ಹೋಗುವುದುಂಟು.

ರೇಸಿನ ದಿನಗಳು ಮುಗಿದ ಮೇಲೆ ಕಾರು ತಂಡಕ್ಕೆ ದುಡ್ಡು ಹಾಕುತ್ತಿದ್ದ ಮೇಜರ್ ಥಾಮ್ಸನ್ ಅವರಲ್ಲಿ ಉಳಿಯಿತು. 1970ರಲ್ಲಿ ಸ್ಕಾಟ್ಲೆಂಡಿನವರೇ ಆದ ಸರ್ ಮೈಕೆಲ್ ನೈರ್ನ್ ಕೊಂಡರು, ದುರಸ್ತಿ ಮಾಡಿಸಿ ಇಟ್ಟುಕೊಂಡರು. ಶತಮಾನದ ಕೊನೆಗೆ ಅಮೆರಿಕದ ಸಂಗ್ರಾಹಕರೊಬ್ಬರ ಪಾಲಾಯಿತು, ಅಲ್ಲಿಂದ 2016ರ ಹರಾಜು. ಒಡೆತನದ ಕತೆ ಇಷ್ಟೇ. ರೇಸ್ ಕಾರಿನ ಮಟ್ಟಿಗೆ ಇಂಥ ಚಿಕ್ಕ ಕತೆಯೇ ಐಶ್ವರ್ಯ. ಬೆಲೆ ಇಲ್ಲದ ಹೊತ್ತಿನಲ್ಲಿ, ಅಂದರೆ 60ರ ದಶಕದಲ್ಲಿ, ಕಾರು ತಂಡದ ಬಳಗ ಬಿಟ್ಟು ಹೊರಹೋಗಲಿಲ್ಲ. ಡಿ-ಟೈಪ್‌ಗಳು ಬಿಚ್ಚಿ ಚೆಲ್ಲಾಪಿಲ್ಲಿಯಾದದ್ದು ಹೆಚ್ಚಾಗಿ ಅದೇ ಹೊತ್ತಿನಲ್ಲಿ.

ಇನ್ನು ಯಂತ್ರದ ಮಾತು. 3,442 ಸಿಸಿಯ ಎಕ್ಸ್‌ಕೆ ಎಂಜಿನ್, ಸಾಲಿಗೆ ಆರು ಸಿಲಿಂಡರ್, ಬೋರ್ 83, ಸ್ಟ್ರೋಕ್ 106 ಮಿಲಿಮೀಟರ್, ಮೂರು ವೆಬರ್ 45 ಡಿಸಿಒ3 ಕಾರ್ಬೊರೇಟರ್. ಶಕ್ತಿ 250 ಕುದುರೆಯ ಆಸುಪಾಸು. ಬಾನೆಟ್ ತಗ್ಗಿರಲೆಂದು ಎಂಜಿನ್ ಎಂಟೂವರೆ ಡಿಗ್ರಿ ವಾಲಿಸಿ ಕೂರಿಸಿದ್ದಾರೆ, ಡ್ರೈ ಸಂಪ್ ಹಾಕಿದ್ದಾರೆ. ಆಯಿಲ್ ಬೇರೆ ಟ್ಯಾಂಕಿನಲ್ಲಿರುವುದರಿಂದ ಗಾಡಿ ರಾತ್ರಿಯೆಲ್ಲ ನಿಂತಿದ್ದರೆ ಅಷ್ಟಿಷ್ಟು ಕೆಳಗಿನ ಸಂಪಿಗೆ ಇಳಿದಿರುತ್ತದೆ. ಬೆಳಗ್ಗೆ ಕಡ್ಡಿ ಎತ್ತಿ ನೋಡಿ ಕಡಿಮೆ ಇದೆ ಎಂದು ಸುರಿದರೆ, ಓಡಿಸಿದ ಮೇಲೆ ಉಕ್ಕಿ ಹೊರಗೆ ಬರುತ್ತದೆ. ಬಿಸಿ ಮಾಡಿ, ನಿಲ್ಲಿಸಿದ ಕೂಡಲೇ ನೋಡುವುದು ಸರಿ. ವಾಲ್ವುಗಳ ಟ್ಯಾಪೆಟ್ ಅಂತರ ಸರಿಪಡಿಸುವುದು ಶಿಮ್ ಎಂಬ ತೆಳು ಬಿಲ್ಲೆಯಿಂದ. ಒಂದು ಶಿಮ್ ತಪ್ಪಾದರೂ ಕ್ಯಾಮ್‌ಶಾಫ್ಟ್ ಬಿಚ್ಚಬೇಕು, ಆದ್ದರಿಂದ ಅಳತೆ ಬರೆದಿಟ್ಟ ಪಟ್ಟಿ ಫೈಲಿನಲ್ಲಿ ಇದೆಯೇ ಕೇಳಿ.

ಕ್ಲಚ್ ಮೂರು ಪ್ಲೇಟಿನದು. ಅದಕ್ಕೆ ಗೊತ್ತಿರುವುದು ಹಿಡಿಯುವುದು, ಬಿಡುವುದು, ಎರಡೇ. ಅರ್ಧ ಕ್ಲಚ್ಚಿನಲ್ಲಿ ಸಾಲಿನಲ್ಲಿ ತೆವಳಿಸಿದರೆ ಪ್ಲೇಟ್ ಕಾದು ಸೊಟ್ಟಗಾಗುತ್ತದೆ, ಆಮೇಲೆ ಗೇರ್ ಬೀಳುವುದಿಲ್ಲ. ಡನ್‌ಲಾಪ್ ಡಿಸ್ಕ್ ಬ್ರೇಕ್ ಆ ಕಾಲಕ್ಕೆ ಅದ್ಭುತ, ಇಂದಿಗೂ ದೂರಲು ಏನಿಲ್ಲ. ಆದರೆ ಒತ್ತಡ ಕೊಡುವ ಪ್ಲೆಸಿ ಪಂಪ್ ತಿರುಗುವುದು ಗೇರ್‌ಬಾಕ್ಸಿನಿಂದ. ಕಾರು ನಿಂತಾಗ ಪಂಪೂ ನಿಲ್ಲುತ್ತದೆ. ಇಳಿಜಾರಿನಲ್ಲಿ ಕೈಯಿಂದ ತಳ್ಳುವಾಗ ಪೆಡಲ್ ಕಲ್ಲಿನಷ್ಟು ಗಟ್ಟಿ, ಗೊತ್ತಿಲ್ಲದವರು ಗೋಡೆಗೆ ಗುದ್ದಿಸುವುದು ಆಗಲೇ. ಬಾಲದಲ್ಲಿರುವ ಪೆಟ್ರೋಲ್ ಟ್ಯಾಂಕ್ ತಗಡಿನದಲ್ಲ, ರಬ್ಬರ್ ಚೀಲ. ಒಣಗಿಸಿ ವರ್ಷಗಟ್ಟಲೆ ಇಟ್ಟರೆ ಮಡಿಕೆಯಲ್ಲಿ ಬಿರಿಯುತ್ತದೆ, ಪುಡಿ ಕಾರ್ಬೊರೇಟರ್ ಸೇರುತ್ತದೆ. ಚಕ್ರಗಳಲ್ಲಿ ರಿವೆಟ್ ಸುತ್ತ ಕಪ್ಪು ಪುಡಿ ಕಂಡರೆ ರಿವೆಟ್ ಸಡಿಲವಾಗಿ ಉಜ್ಜುತ್ತಿದೆ ಎಂದೇ ಅರ್ಥ. ಹಳೆಯ ಚಕ್ರವನ್ನು ತೋರಿಸಲು ಇಟ್ಟು ಓಡಿಸಲು ಹೊಸ ಜೊತೆ ಮಾಡಿಸುವುದು ಜಾಣತನ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಉಕ್ಕಿನ ಚೌಕಟ್ಟು ಅಲ್ಯೂಮಿನಿಯಂ ತೊಟ್ಟಿಗೆ ಕೂಡುವ ಬೋಲ್ಟುಗಳ ಸುತ್ತ. ಎರಡು ಲೋಹ ಮುಟ್ಟಿಕೊಂಡು ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಹಿಟ್ಟಾಗುತ್ತದೆ. ಬಣ್ಣ ಉಬ್ಬಿದೆಯೇ, ತೂತು ಅಂಡಾಕಾರವಾಗಿದೆಯೇ, ಪಕ್ಕದಲ್ಲಿ ಹಳೆಯ ರಿವೆಟ್ ತೂತು ಮುಚ್ಚಿದ ಗುರುತಿದೆಯೇ, ದೀಪ ಓರೆಯಾಗಿ ಹಿಡಿದು ನೋಡಬೇಕು. ಹಾಳೆ ಎಲ್ಲ ಕಡೆ ಒಂದೇ ನಯವಾಗಿದ್ದರೆ ಅನುಮಾನ ಪಡಿ. 1955ರ ಕೈಕೆಲಸ ಅಷ್ಟು ನಯವಾಗಿರಲಿಲ್ಲ.

ನಮ್ಮ ಆರ್‌ಟಿಒ ಕಚೇರಿಯಲ್ಲಿ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರಲ್ಲ, ಇಲ್ಲೂ ಆ ಹಳೆಯ ಉಪಾಯವೇ ಮೊದಲು. ಚೌಕಟ್ಟಿನ ಮೇಲಿನ ಅಂಕಿ, ಫಲಕದ ಅಂಕಿ, ಎಂಜಿನ್ ಬ್ಲಾಕ್ ಮತ್ತು ಹೆಡ್ ಮೇಲಿನ ಅಂಕಿ, ಗೇರ್‌ಬಾಕ್ಸ್, ಬಾಡಿ ನಂಬರು ಎಲ್ಲದರ ಅಚ್ಚು ತೆಗೆದು ಕಾರ್ಖಾನೆ ದಾಖಲೆಯ ಜೊತೆ ಇಟ್ಟು ನೋಡಿ. ಎಂಜಿನ್ ನಂಬರಿನ ಕೊನೆಯ 9 ಎಂದರೆ ಕಂಪ್ರೆಷನ್ ಅನುಪಾತ 9ಕ್ಕೆ 1. ಅಂಕಿಗಳ ಅಚ್ಚು ಒಂದೇ ಆಳದಲ್ಲಿ, ಒಂದೇ ಬಗೆಯ ಅಕ್ಷರದಲ್ಲಿ ಇದೆಯೇ ಎಂಬುದು ಅಂಕಿಯಷ್ಟೇ ಮುಖ್ಯ. ಫಲಕ ಒಂದು ಸಾಕ್ಷಿಯೇ ಅಲ್ಲ, ಎರಡು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಜಾಗತಿಕ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಕೊಡುವ ಹಿಸ್ಟಾರಿಕ್ ಟೆಕ್ನಿಕಲ್ ಪಾಸ್‌ಪೋರ್ಟ್ ತೋರಿಸಿ ಅಸಲಿ ಎನ್ನುವವರಿದ್ದಾರೆ. ಆ ಕಾಗದ ಹೇಳುವುದು ಕಾರು ಆ ಕಾಲದ ಅಳತೆಗೆ ತಕ್ಕಂತಿದೆ, ರೇಸಿಗೆ ಬಿಡಬಹುದು ಎಂದಷ್ಟೇ. ನಿನ್ನೆ ಕಟ್ಟಿದ ಪ್ರತಿಕೃತಿಗೂ ಅದು ಸಿಗುತ್ತದೆ.

ಅಸಲಿ ಎಂದರೇನು ಎಂಬ ಪ್ರಶ್ನೆ ಲಂಡನ್ನಿನ ನ್ಯಾಯಾಲಯಕ್ಕೂ ಹೋಗಿತ್ತು. 1929, 1930ರ ಲೆ ಮಾನ್ ಗೆದ್ದ ಬೆಂಟ್ಲಿ ಸ್ಪೀಡ್ ಸಿಕ್ಸ್ ‘ಓಲ್ಡ್ ನಂಬರ್ ಒನ್’ ಕಾರಿನಲ್ಲಿ ಗೆದ್ದ ದಿನದ ಭಾಗ ಹೆಚ್ಚೇನೂ ಉಳಿದಿರಲಿಲ್ಲ; ಕೊಳ್ಳುವವರು ಇದು ಆ ಕಾರೇ ಅಲ್ಲ ಎಂದರು. 1990ರಲ್ಲಿ ನ್ಯಾಯಮೂರ್ತಿ ಆಟನ್ ಮಾರುವವರ ಪರ ತೀರ್ಪಿತ್ತರು. ಭಾಗ ಬದಲಾಗುತ್ತ ಹೋದರೂ ಕಾರಿನ ಬಾಳು ಎಲ್ಲೂ ತುಂಡಾಗಿಲ್ಲ, ಅದೇ ಹೆಸರಿಗೆ ಪೈಪೋಟಿ ಮಾಡುವ ಇನ್ನೊಂದು ಕಾರಿಲ್ಲ ಎಂಬುದು ಆ ತೀರ್ಪಿನ ತಿರುಳು. ಅದೇ ತಕ್ಕಡಿಯಲ್ಲಿ 501 ಇಟ್ಟರೆ ತೂಕ ಸರಿಯಾಗಿ ಬರುತ್ತದೆ. ನಂಬರು ಹಂಚಿಕೊಂಡ ಡಿ-ಟೈಪ್‌ಗಳು ಎರಡನೇ ಮಾತಿನಲ್ಲೇ ಎಡವುತ್ತವೆ.

ಬರೀ ಓಡಿಸುವ ಆಸೆಯಿದ್ದರೆ ಈ ಕಾರು ಬೇಡ. 1957ರ ಫೆಬ್ರವರಿಯಲ್ಲಿ ಜಾಗ್ವಾರ್‌ನ ಬ್ರೌನ್ಸ್ ಲೇನ್ ಕಾರ್ಖಾನೆಗೆ ಬಿದ್ದ ಬೆಂಕಿಯಲ್ಲಿ ಅರ್ಧ ಕಟ್ಟಿದ ಕಾರುಗಳೂ ಸುಟ್ಟವು. 100 ಡಿ-ಟೈಪ್ ಮಾಡುವ ಎಣಿಕೆ 75ಕ್ಕೇ ನಿಂತಿತ್ತು ಎಂದು ಜಾಗ್ವಾರ್ ಹೇಳುತ್ತದೆ. ಉಳಿದ 25ನ್ನು ಕಟ್ಟುವುದಾಗಿ 2018ರಲ್ಲಿ ಸಾರಿತು. ಅವುಗಳಲ್ಲಿ ಅದೇ ಸದ್ದು, ಅದೇ ಸವಾರಿ, ಗುದ್ದಿದರೆ ಚರಿತ್ರೆ ಚೂರಾಗುವ ಭಯವಿಲ್ಲ. 501 ಕೊಂಡವರಿಗೆ ಒಂದೇ ಕಿವಿಮಾತು: ಮುಂದಿನ ಓವರ್‌ಹಾಲ್‌ನಲ್ಲಿ ಬಿಚ್ಚಿದ ಒಂದೊಂದು ಪಟ್ಟಿ, ರಿವೆಟ್, ಬೋಲ್ಟನ್ನೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟು ಕಾರಿನ ಜೊತೆಗೇ ಇಡಿ, ವರ್ಕ್‌ಶಾಪಿನಲ್ಲಿ ಬಿಟ್ಟು ಬರಬೇಡಿ.