ಒಂದೇ ದೃಶ್ಯ, ಮೂರು ಸಂಕಲನ: ಥ್ರಿಲ್ಲರ್‌ನಲ್ಲಿ ಬಿಗುವು ಹುಟ್ಟುವ ಬಗೆ

ಥ್ರಿಲ್ಲರ್ ದೃಶ್ಯವೊಂದು ಸಪ್ಪೆಯಾಗಿದೆ ಎನ್ನಿಸಿದಾಗ ಸಂಕಲನಕಾರರಿಗೆ ಮೊದಲು ಸಿಗುವ ಸಲಹೆ, ಕಟ್‌ಗಳನ್ನು, ಅಂದರೆ ಒಂದು ಶಾಟ್‌ನಿಂದ (ಕ್ಯಾಮೆರಾ ನಿಲ್ಲದೆ ಸೆರೆಹಿಡಿದ ತುಣುಕಿನಿಂದ) ಇನ್ನೊಂದಕ್ಕೆ ಜಿಗಿಯುವುದನ್ನು, ಹೆಚ್ಚಿಸಿ ವೇಗ ತನ್ನಿ ಎಂಬುದು. ಈ ಸಲಹೆ ಎಷ್ಟರಮಟ್ಟಿಗೆ ನಿಜವೆಂದು ತಿಳಿಯಲು, ಕಿರುಚಿತ್ರವೊಂದಕ್ಕಾಗಿ ಚಿತ್ರೀಕರಿಸಿದ್ದ ಒಂದು ದೃಶ್ಯವನ್ನು ನಾನು ಮೂರು ಬಗೆಯಲ್ಲಿ ಸಂಕಲಿಸಿ, ಕಥೆ ಗೊತ್ತಿಲ್ಲದ ಪರಿಚಿತರಿಗೆ ತೋರಿಸಿದೆ. ಒಂದು ಆವೃತ್ತಿಯನ್ನು ನೋಡಿದವರಿಗೆ ಇನ್ನೊಂದನ್ನು ತೋರಿಸಲಿಲ್ಲ; ಮುಂದೇನಾಗುತ್ತದೆಂದು ಬಲ್ಲವರ ಆತಂಕವನ್ನು ನಂಬುವಂತಿಲ್ಲ. ದೃಶ್ಯ ಸರಳವಾದದ್ದು: ಯುವತಿಯೊಬ್ಬಳು ಪರರ ಮನೆಯ ಮಹಡಿಯ ಕೋಣೆಯಲ್ಲಿ ಬೀರು ತೆರೆದು ಆಸ್ತಿಪತ್ರವನ್ನು ಹುಡುಕುತ್ತಿದ್ದಾಳೆ, ಮನೆಯ ಯಜಮಾನ ಹೇಳಿದ್ದಕ್ಕಿಂತ ಮೊದಲೇ ಮರಳಿ ಮೆಟ್ಟಿಲು ಹತ್ತುತ್ತಿದ್ದಾನೆ.

ಮೊದಲನೆಯದು ವೇಗದ ಸಂಕಲನ. ಬೆರಳು, ಬೀಗದ ಕೈ, ಕಡತಗಳು, ಅವಳ ಕಣ್ಣು, ಅವನ ಚಪ್ಪಲಿ, ಹೀಗೆ ಕ್ಲೋಸಪ್‌ಗಳನ್ನೇ ಜೋಡಿಸಿ, ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ ಬಹುತೇಕ ಶಾಟ್‌ಗಳನ್ನು 12ರಿಂದ 20 ಫ್ರೇಮ್‌ಗಳೊಳಗೆ ನಿಲ್ಲಿಸಿದೆ. ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಸಂಕಲನ ತಂತ್ರಾಂಶದ ಟೈಮ್‌ಲೈನ್ ಮೇಲೆ ಅದು ಬಹಳ ಚುರುಕಾಗಿ ಕಂಡಿತು. ನೋಡಿದವರು ಒಂದೆರಡು ಕಡೆ ಬೆಚ್ಚಿದರೂ ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಕಾರಣ ಕೇಳಿದಾಗ ಸ್ಪಷ್ಟವಾಯಿತು: ಮೆಟ್ಟಿಲು ಎಲ್ಲಿದೆ, ಬಾಗಿಲು ಎಲ್ಲಿದೆ, ಅವನು ಅವಳಿಂದ ಎಷ್ಟು ದೂರದಲ್ಲಿದ್ದಾನೆ ಎಂಬುದು ಅವರಿಗೆ ತಿಳಿದೇ ಇರಲಿಲ್ಲ. ಹೆದರಬೇಕಾದ ಮನಸ್ಸು ಚೂರುಗಳನ್ನು ಜೋಡಿಸುವ ಕೆಲಸದಲ್ಲಿ ತೊಡಗಿತ್ತು.

ವೇಗದ ಪರವಾಗಿ ವಾದಿಸುವವರು ಹಿಚ್‌ಕಾಕ್‌ನ 1960ರ ‘ಸೈಕೋ’ ಚಿತ್ರದ ಸ್ನಾನದ ಕೋಣೆಯ ಕೊಲೆಯನ್ನು ಮುಂದಿಡುತ್ತಾರೆ. ಆದರೆ ಜಾರ್ಜ್ ಟೊಮಾಸಿನಿ ಸಂಕಲಿಸಿದ ಆ ಭಾಗವನ್ನು ಮತ್ತೆ ಗಮನವಿಟ್ಟು ನೋಡಬೇಕು. ಚಾಕು ಏಳುವುದಕ್ಕೆ ಮುನ್ನ ಪರದೆಯಾಚೆ ಬಾಗಿಲು ತೆರೆದುಕೊಂಡು ನೆರಳೊಂದು ಹತ್ತಿರವಾಗುವುದನ್ನು ಒಂದೇ ಶಾಟ್, ಕಟ್ ಇಲ್ಲದೆ, ಸಂಗೀತವಿಲ್ಲದೆ, ನೀರಿನ ಸದ್ದಿನೊಡನೆ ತೋರಿಸುತ್ತದೆ. ಪಿಟೀಲುಗಳ ಚೀರಾಟವೂ ಕಟ್‌ಗಳ ಸುರಿಮಳೆಯೂ ಬರುವುದು ಪರದೆ ಸರಿದ ಮೇಲೆ. ಬಿಗುವನ್ನು ಕಟ್ಟಿದ್ದು ಆ ನಿಂತ ಶಾಟ್. ವೇಗದ ಸಂಕಲನ ಬಂದದ್ದು ಬಿಗುವು ಒಡೆದಾಗ.

ಎರಡನೆಯದು ಇಂಟರ್‌ಕಟ್, ಅಂದರೆ ಅವಳನ್ನೂ ಅವನನ್ನೂ ಒಂದಾದ ಮೇಲೊಂದರಂತೆ ತೋರಿಸುವ ಸಮಾನಾಂತರ ಸಂಕಲನ. ಇದು ಹಳೆಯ ವಿಧಾನ. ಮನೆಯೊಳಗೆ ಸಿಕ್ಕಿಬಿದ್ದ ಹೆಂಡತಿ ಮಕ್ಕಳು, ನುಗ್ಗುತ್ತಿರುವ ಕಳ್ಳರು, ಧಾವಿಸಿ ಬರುತ್ತಿರುವ ಗಂಡ, ಈ ಮೂವರ ನಡುವೆ ಅಮೆರಿಕದ ಮೂಕಿಚಿತ್ರಗಳ ನಿರ್ದೇಶಕ ಗ್ರಿಫಿತ್ 1909ರಲ್ಲೇ ಹೀಗೆ ಓಡಾಡಿದ್ದ. ನನ್ನ ದೃಶ್ಯದಲ್ಲಿಯೂ ಇದು ತಕ್ಷಣ ಫಲ ಕೊಟ್ಟಿತು. ಅವಳಿಗೆ ಗೊತ್ತಿಲ್ಲದ್ದು ನೋಡುಗರಿಗೆ ಗೊತ್ತಾಯಿತು. ಒಬ್ಬರು ಅವಳಿಗೆ ಬೇಗ ಹೊರಡು ಎಂದು ಮೆಲ್ಲಗೆ ಹೇಳಿಯೂ ಬಿಟ್ಟರು.

ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಪ್ರತಿ ಸಲ ಅವನತ್ತ ಮರಳಿದಾಗಲೂ ಅವನು ಇನ್ನಷ್ಟು ಹತ್ತಿರ ಬಂದಿರಬೇಕು, ಆದರೂ ತಲುಪಬಾರದು. ಹಾಗಾಗಿ ಮೆಟ್ಟಿಲುಗಳನ್ನು ಹಿಗ್ಗಿಸಬೇಕಾಗುತ್ತದೆ, ಸ್ವಲ್ಪ ಹಿಗ್ಗಿಸಿದರೆ ಪ್ರೇಕ್ಷಕರು ಒಪ್ಪುತ್ತಾರೆ, ಮಿತಿ ಮೀರಿದರೆ ಮೋಸವೆಂದು ಗುರುತಿಸುತ್ತಾರೆ. ಎರಡನೆಯದು ಇನ್ನೂ ಸೂಕ್ಷ್ಮವಾದದ್ದು: ಅವನತ್ತ ಕಟ್ ಮಾಡಿದ ಕ್ಷಣದಲ್ಲಿ ನೋಡುಗರೂ ಆ ಕೋಣೆಯಿಂದ ಹೊರಬರುತ್ತಾರೆ, ಅವರಿಗೆ ಅರೆಗಳಿಗೆಯ ಬಿಡುಗಡೆ ಸಿಗುತ್ತದೆ. ಇಂಟರ್‌ಕಟ್ ಎಂದರೆ ಒಂದೇ ಜಾಗ, ಒಂದೇ ಹೊತ್ತು ಎಂಬ ನಮ್ಮ ನಂಬಿಕೆಯನ್ನೇ ತಿರುಗಿಸಿ, ಪೊಲೀಸರು ಗಂಟೆ ಒತ್ತಿದ ಮನೆಯೂ ಕೊಲೆಗಾರ ಬಾಗಿಲು ತೆರೆದ ಮನೆಯೂ ಬೇರೆಬೇರೆ ಎಂದು ತೋರಿಸಿದ 1991ರ ‘ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ ಅದ್ಭುತವೇ ಸರಿ. ಆದರೆ ಅಂಥ ತಂತ್ರ ಒಂದು ಚಿತ್ರದಲ್ಲಿ ಒಮ್ಮೆ ಮಾತ್ರ ಸಲ್ಲುತ್ತದೆ.

ಮೂರನೆಯದು ಕತ್ತರಿಸದೆ ನಿಲ್ಲುವುದು. ಕ್ಯಾಮೆರಾ ಕೋಣೆಯ ಮೂಲೆಯಲ್ಲಿದೆ, ಮುಂದೆ ಅವಳು, ಹಿಂದೆ ಅರೆತೆರೆದ ಬಾಗಿಲು. ಯಜಮಾನ ಬಂದಿರುವ ಸುಳಿವನ್ನೇ ಕೊಡದೆ ಇದನ್ನು ತೋರಿಸಿದಾಗ ನೋಡುಗರಿಗೆ ಬೇಸರವಾಯಿತು, ಅದು ನ್ಯಾಯವೇ. ಅದೇ ಶಾಟ್‌ನ ಮೊದಲು, ಅವನು ಹೊರಗಿನ ಗೇಟಿನ ಚಿಲಕ ಸರಿಸುವ ಮೂರು ಸೆಕೆಂಡುಗಳ ತುಣುಕೊಂದನ್ನು ಸೇರಿಸಿದೆ. ಆಮೇಲೆ ಅವನನ್ನು ತೋರಿಸಲೇ ಇಲ್ಲ. ದೃಶ್ಯ ಪೂರ್ತಿ ಬದಲಾಯಿತು. ನೋಡುಗರ ಕಣ್ಣು ಅವಳನ್ನು ಬಿಟ್ಟು ಬಾಗಿಲಿಗೆ ನೆಟ್ಟಿತು. ಒಂದು ಕಾಗದವನ್ನು ಅವಳು ಎರಡನೆಯ ಸಲ ಓದಿದಾಗ ಕೆಲವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮೂರೂ ಬಗೆಗಳಲ್ಲಿ ನನ್ನ ಆಯ್ಕೆ ಇದೇ, ಏಕೆಂದರೆ ಅಪಾಯದ ಅರಿವನ್ನು ಕೊಟ್ಟ ನಂತರ ಕಟ್ ಮಾಡದಿರುವುದೇ ಪ್ರೇಕ್ಷಕರನ್ನು ಆ ಕೋಣೆಯಲ್ಲಿ ಕೂಡಿಹಾಕುತ್ತದೆ.

ಇಲ್ಲಿ ಧ್ವನಿಯದು ಚಿತ್ರದಷ್ಟೇ ದೊಡ್ಡ ಪಾತ್ರ. ಹಿನ್ನೆಲೆ ಸಂಗೀತ ಹಾಕಿದಾಗ ಈ ಶಾಟ್ ದುರ್ಬಲವಾಯಿತು, ಮೆಟ್ಟಿಲಿನ ಹೆಜ್ಜೆಸದ್ದನ್ನಷ್ಟೇ ಉಳಿಸಿದಾಗ ಬಿಗಿಯಾಯಿತು. ಆರ್ಸನ್ ವೆಲ್ಸ್‌ನ 1958ರ ‘ಟಚ್ ಆಫ್ ಈವಿಲ್’ ಈ ಮಾತಿಗೆ ದೊಡ್ಡ ಸಾಕ್ಷಿ. ಕಾರಿನ ಡಿಕ್ಕಿಯಲ್ಲಿ ಬಾಂಬ್ ಇಟ್ಟದ್ದನ್ನು ತೋರಿಸಿ, ಮೂರು ನಿಮಿಷಕ್ಕೂ ಹೆಚ್ಚು ಕಾಲ ಒಂದೂ ಕಟ್ ಇಲ್ಲದೆ ಸಾಗುವ ಅದರ ಆರಂಭದ ಮೇಲೆ ಸ್ಟುಡಿಯೋದವರು ಕಲಾವಿದರ, ತಂತ್ರಜ್ಞರ ಹೆಸರುಗಳನ್ನೂ ಸಂಗೀತವನ್ನೂ ಹೇರಿದ್ದರು. ವೆಲ್ಸ್ ಬರೆದಿಟ್ಟಿದ್ದ ಟಿಪ್ಪಣಿಯನ್ನು ಅನುಸರಿಸಿ 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಅವೆರಡನ್ನೂ ತೆಗೆದು, ಬೀದಿಯ ಸದ್ದುಗಳನ್ನೂ ಅಂಗಡಿಗಳಿಂದ, ಕಾರಿನ ರೇಡಿಯೋದಿಂದ ಬರುವ ಹಾಡುಗಳನ್ನೂ ಮುನ್ನೆಲೆಗೆ ತಂದರು. ಎರಡನ್ನೂ ಅಕ್ಕಪಕ್ಕ ನೋಡಿದರೆ, ಕಾರು ಹತ್ತಿರ ಬಂದಂತೆ ಅದರ ರೇಡಿಯೋ ಸದ್ದೂ ಏರುವುದು ಎಷ್ಟು ಭಯ ಹುಟ್ಟಿಸುತ್ತದೆಂದು ಗೊತ್ತಾಗುತ್ತದೆ.

ನಾನು ಕೊನೆಗೆ ಉಳಿಸಿಕೊಂಡ ಆವೃತ್ತಿಯಲ್ಲಿ ಗೇಟಿನ ತುಣುಕು, ಅದರ ನಂತರ ನಿಂತ ಶಾಟ್, ಬಾಗಿಲು ಅಲುಗಿದ ಮೇಲಷ್ಟೇ ವೇಗದ ಕಟ್‌ಗಳು ಇವೆ. ಆದರೆ ನಿಂತ ಶಾಟ್ ಸಂಕಲನದ ಕೋಣೆಯಲ್ಲಿ ಹುಟ್ಟುವುದಿಲ್ಲ. ಚಿತ್ರೀಕರಣದಲ್ಲೇ ಬಾಗಿಲು ಫ್ರೇಮಿನೊಳಗೆ ಇರಬೇಕು, ನಟಿ ಇಡೀ ಶಾಟನ್ನು ಒಬ್ಬಳೇ ಹೊರಬಲ್ಲವಳಾಗಿರಬೇಕು. ರಶಸ್‌ನಲ್ಲಿ, ಅಂದರೆ ಚಿತ್ರೀಕರಿಸಿ ತಂದ ಕಚ್ಚಾ ತುಣುಕುಗಳಲ್ಲಿ, ಅದಿಲ್ಲದಿದ್ದರೆ ಇಂಟರ್‌ಕಟ್ಟನ್ನೇ ಆರಿಸಿಕೊಳ್ಳಿ, ಅವನತ್ತ ಹೋಗುವ ಕಟ್‌ಗಳನ್ನು ಆದಷ್ಟು ಕಡಿಮೆ ಮಾಡಿ, ಅವನ ಹೆಜ್ಜೆಸದ್ದನ್ನು ಅವಳ ಶಾಟ್‌ಗಳ ಮೇಲೆ ಹರಿಯಬಿಡಿ.