ಬಾಡಿಗೆ ಮನೆ: ಮಂಡಿಪೇಟೆಯೋ, ಎಂಸಿಸಿ ಬಿ ಬ್ಲಾಕೋ?

ದಾವಣಗೆರೆಯಲ್ಲಿ ಮನೆ ಹುಡುಕುವಾಗ ಬಾಡಿಗೆ, ನೀರು ಎಲ್ಲ ವಿಚಾರಿಸುತ್ತೇವೆ. ಸದ್ದಿನ ಬಗ್ಗೆ ಕೇಳೋದೇ ಇಲ್ಲ, ಅಲ್ವಾ?

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6.

ಮಂಡಿಪೇಟೆಯಂಥ ಅಂಗಡಿ ಬೀದಿಯ ಮಹಡಿ ಮನೆ ವ್ಯಾಪಾರಸ್ಥರಿಗೆ ಅನುಕೂಲ. ಆದರೆ ವಾಣಿಜ್ಯ ಪ್ರದೇಶದಲ್ಲಿ ಕಾನೂನೇ ಜಾಸ್ತಿ ಸದ್ದಿಗೆ ಅವಕಾಶ ಕೊಡುತ್ತದೆ. 10 ಡೆಸಿಬಲ್ ಸಣ್ಣ ವ್ಯತ್ಯಾಸವಲ್ಲ. ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನಿಸುತ್ತದೆ. ಅಷ್ಟು ಸದ್ದಿನಲ್ಲಿ ಎಳೆ ಮಗು ಮಲಗುವುದು ಹೇಗೆ?

ಎಂಸಿಸಿ ಬಿ ಬ್ಲಾಕಿನಂಥ ವಸತಿ ಬಡಾವಣೆಯ ಒಳರಸ್ತೆ ಮಕ್ಕಳ ಓದಿಗೆ, ವಯಸ್ಸಾದವರಿಗೆ ವಾಸಿ. ಅಲ್ಲಿ ಅಂಗಡಿ ಹಾಕುವವರು ಮಾತ್ರ ಜನರೇಟರ್, ಸ್ಪೀಕರ್ ಬಗ್ಗೆ ಮೊದಲೇ ಯೋಚಿಸಬೇಕು. ಮಿತಿಗಿಂತ 10 ಡೆಸಿಬಲ್ ಜಾಸ್ತಿಯಾದರೆ ಅಕ್ಕಪಕ್ಕದವರು ದೂರು ಕೊಡಬಹುದು.