ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್: ಐದಕ್ಕೆ ಮೂರು ಸ್ಟಾರ್, ಒಂದು ಸ್ಟಾರ್ ಕಳೆದದ್ದು ನಮ್ಮದೇ ತಪ್ಪಿಗೆ

ಅಮೆರಿಕದಲ್ಲಿ ಮಗುವನ್ನು ಕಾಲೇಜಿಗೆ ಕಳಿಸುವವರಿಗೆ ಇದು ಫ್ರೀಯಾಗಿ ಸಿಗುತ್ತದೆ. ಹೆಚ್ಚುಕಡಿಮೆ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ಇಟ್ಟಿರಬೇಕು ಅಂತ 2011ರಿಂದ ನಿಯಮ ಇದೆ. ಎಲ್ಲಿ ಇಡಬೇಕು ಅಂತ ಹೇಳಲಿಲ್ಲವೇನೋ, ಎಷ್ಟೋ ಕಡೆ ಯಾವುದೋ ಮೂಲೆಯ ಪುಟದಲ್ಲಿ ಹುಡುಕಬೇಕು. ಆದಾಯ, ಉಳಿತಾಯ, ಮನೆ ಬೆಲೆ, ಮನೆ ಸಾಲ ತುಂಬಿದರೆ ವರ್ಷಕ್ಕೆ ನಿಮ್ಮ ಕೈಯಿಂದ ಎಷ್ಟು ಹೋಗಬಹುದು ಅಂತ ಒಂದು ಅಂಕಿ ಕೊಡುತ್ತದೆ. ಆ ಅಂಕಿ ನಂಬಿಕೊಂಡು ನಾವು ಅರ್ಲಿ ಡಿಸಿಷನ್‌ಗೆ ಸಹಿ ಹಾಕಿದೆವು. ಈ ರಿವ್ಯೂ ಬರೆಯುತ್ತಿರುವುದು ಅದಕ್ಕೇ.

ಅರ್ಲಿ ಡಿಸಿಷನ್ ಅಂದರೆ ಗೊತ್ತಲ್ಲ, ನವೆಂಬರ್ ಮೊದಲಿಗೆ ಒಂದೇ ಕಾಲೇಜಿಗೆ 'ಸೀಟು ಕೊಟ್ಟರೆ ಬಂದೇ ಬರುತ್ತೇನೆ' ಅಂತ ಮಾತು ಕೊಡುವುದು. ಮಗಳು, ನಾನು, ಸ್ಕೂಲ್ ಕೌನ್ಸೆಲರ್, ಮೂವರ ಸಹಿ. ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ. ಸಿಕ್ಕರೆ ಬೇರೆ ಅರ್ಜಿಗಳನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. ನಾಲ್ಕು ಅಂಗಡಿ ಸುತ್ತದೆ ಒಂದು ಸೀರೆ ತರದ ನಾನು, ವರ್ಷಕ್ಕೆ 90,000 ಡಾಲರ್ ದಾಟುವ ಕಾಲೇಜಿಗೆ ಒಂದೇ ಅಂಗಡಿ ನೋಡಿ ಹೂಂ ಅಂದೆ. ಪೂರ್ತಿ ದುಡ್ಡು ಕಟ್ಟಬಲ್ಲವರಿಗೆ ಇದು ಚಿಂತೆಯೇ ಅಲ್ಲ. ತೀರಾ ಕಡಿಮೆ ಆದಾಯದವರಿಗೆ ದೊಡ್ಡ ಕಾಲೇಜುಗಳು ಬಹುಪಾಲು ತಾವೇ ಕೊಡುತ್ತವೆ. ಸಿಕ್ಕಿಕೊಳ್ಳುವವರು ಮಧ್ಯದಲ್ಲಿರುವ ನಮ್ಮಂಥವರು.

ಕ್ಯಾಲ್ಕ್ಯುಲೇಟರ್ ನಮಗೆ ಹೇಳಿದ್ದು 41,000. ಕಾಲೇಜಿನ ಪತ್ರದಲ್ಲಿ ಬಂದದ್ದು 56,000. ಮಗಳು ಸೀಟು ಸಿಕ್ಕಿತು ಅಂತ ಕುಣಿಯುತ್ತಿದ್ದಳು. ನಾನು ಅಡುಗೆಮನೆಯಲ್ಲಿ ನಿಂತುಕೊಂಡು ಫೋನಿನಲ್ಲಿ 15,000ವನ್ನು ನಾಲ್ಕರಿಂದ ಗುಣಿಸುತ್ತಿದ್ದೆ.

ಎಲ್ಲಿ ತಪ್ಪಿತು ಅಂತ ಆಮೇಲೆ ಕೂತು ನೋಡಿದರೆ, ಮನೆಯ ಬೆಲೆ ಕೇಳುವ ಖಾನೆಯಲ್ಲಿ ನಮ್ಮವರು 14 ವರ್ಷದ ಹಿಂದೆ ಕೊಂಡ ಬೆಲೆ ಬರೆದಿದ್ದಾರೆ! 'ನಾವು ಕೊಟ್ಟಿದ್ದು ಅಷ್ಟೇ ತಾನೇ' ಅಂತ ಅವರ ವಾದ. ಕಾಲೇಜಿಗೆ ಬೇಕಾದದ್ದು ಈಗಿನ ಬೆಲೆ, ಅದರಲ್ಲಿ ಬಾಕಿ ಸಾಲ ಕಳೆದು ಉಳಿಯುವ ದುಡ್ಡು. ಸರ್ಕಾರದ ನೆರವಿಗೆ ತುಂಬುವ ಫಾಫ್ಸಾ ಫಾರ್ಮಿನಲ್ಲಿ ಸ್ವಂತ ಮನೆ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಹಲವು ಖಾಸಗಿ ಕಾಲೇಜುಗಳು ತಮ್ಮ ನೆರವಿನ ಲೆಕ್ಕಕ್ಕೆ ಕೇಳುವ ಇನ್ನೊಂದು ಫಾರ್ಮು, ಸಿಎಸ್‌ಎಸ್ ಪ್ರೊಫೈಲ್‌ನಲ್ಲಿ ಬರುತ್ತದೆ, ಎಷ್ಟು ಹಿಡಿಯಬೇಕು ಅನ್ನುವುದು ಒಂದೊಂದು ಕಾಲೇಜಿಗೆ ಒಂದೊಂದು ಥರ. ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾ 2025-26ರಿಂದ ಸ್ವಂತ ಮನೆಯನ್ನು ಬಿಟ್ಟೇಬಿಟ್ಟಿದೆ. ನಾವು ಹಾಕಿದ ಕಾಲೇಜು ಬಿಟ್ಟಿರಲಿಲ್ಲ. ಗೋಡೆಯ ಇಟ್ಟಿಗೆ ಕಿತ್ತು ಫೀಸ್ ಕಟ್ಟೋಕಾಗುತ್ತಾ, ಹೇಳಿ?

ಆದರೂ ತಪ್ಪೆಲ್ಲ ನಮ್ಮದಲ್ಲ. ಕ್ಯಾಲ್ಕ್ಯುಲೇಟರ್ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಹಳೇ ವರ್ಷದ ಫೀಸಿನ ಲೆಕ್ಕ ಅಂತ ಬರೆದಿತ್ತು. ಅದನ್ನು ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿದ್ದರೆ ಏನಾಗುತ್ತಿತ್ತು? ಇನ್ನೊಂದು, ಒಂದೇ ಅಂಕಿ ಕೊಟ್ಟರೆ ಜನ ಅದನ್ನೇ ಬೆಲೆ ಅಂದುಕೊಳ್ಳುತ್ತಾರೆ. ವೆಲ್ಸ್‌ಲಿ ಕಾಲೇಜಿನ ಪ್ರೊಫೆಸರ್ ಫಿಲಿಪ್ ಲೆವೈನ್ ಶುರು ಮಾಡಿದ ಮೈಇನ್‌ಟ್ಯೂಷನ್ ಅನ್ನುವ ಇನ್ನೊಂದು ಕ್ಯಾಲ್ಕ್ಯುಲೇಟರ್ ಇದಕ್ಕಿಂತ ಪ್ರಾಮಾಣಿಕ ಅನ್ನಿಸಿತು. ಕೆಲವೇ ಪ್ರಶ್ನೆ ಕೇಳಿ, ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು ಅಂತ ಹೇಳುತ್ತದೆ. ಆದರೆ ಎಲ್ಲ ಕಾಲೇಜಿಗೂ ಅದು ಇಲ್ಲ.

ನಾವು ಕಾಲೇಜಿನ ನೆರವಿನ ಆಫೀಸಿಗೆ ಪತ್ರ ಬರೆದು, ಆಸ್ಪತ್ರೆ ಖರ್ಚಿನ ರಸೀದಿಗಳನ್ನೂ ಕಳಿಸಿ ಮತ್ತೆ ನೋಡಿ ಅಂತ ಕೇಳಿದೆವು. 3,000 ಇಳಿಸಿದರು. ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಹೇಳಲೇಬೇಕು. ಉಳಿದದ್ದಕ್ಕೆ ಪೇರೆಂಟ್ ಪ್ಲಸ್, ಅಂದರೆ ಅಪ್ಪ-ಅಮ್ಮನ ಹೆಸರಲ್ಲಿ ತೆಗೆಯುವ ಸರ್ಕಾರಿ ಸಾಲ, ಅಂದರು. ಆ ಬಾಗಿಲೂ ಈಗ ಕಿರಿದಾಗಿದೆ, 2026ರ ಜುಲೈಯಿಂದ ಹೊಸದಾಗಿ ತೆಗೆದುಕೊಳ್ಳುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಮಿತಿ.

ಸಹಿ ಹಾಕಿದರೆ ಮುಗೀತು, ಕೋರ್ಟಿಗೆ ಎಳೀತಾರೆ ಅಂತ ನಮ್ಮ ಕಡೆ ಒಂದು ಹೆದರಿಕೆ ಇದೆ. ಹಾಗೇನಿಲ್ಲ. ಏಡ್ (ಹಣದ ನೆರವು) ಕೇಳಿದ್ದು, ಕೊಟ್ಟ ಏಡ್‌ನಲ್ಲಿ ಓದಿಸಲು ಆಗದಿದ್ದರೆ ಬಿಡುಗಡೆ ಕೇಳಬಹುದು ಅಂತ, ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನ ಒಪ್ಪಂದದಲ್ಲೇ ಇದೆ. ನಾವು ಕೇಳಿದೆವು, ಕೊಟ್ಟರು. ಕಷ್ಟ ಇದ್ದದ್ದು ಬೇರೆ ಕಡೆ. ಕೈಯಲ್ಲಿ ಇನ್ನೊಂದು ಕಾಲೇಜಿನ ಪತ್ರ ಇಲ್ಲದೆ 'ಇದು ಜಾಸ್ತಿ' ಅಂತ ಯಾವ ಧೈರ್ಯದ ಮೇಲೆ ಹೇಳುವುದು? ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. 'ಅಮ್ಮಾ, ಇದನ್ನ ಅಕ್ಟೋಬರಲ್ಲೇ ಹೇಳಬಹುದಿತ್ತಲ್ವಾ' ಅಂದಳು ಮೂರನೇ ದಿನ. ನನ್ನ ಹತ್ತಿರ ಉತ್ತರ ಇರಲಿಲ್ಲ. ಪುಣ್ಯಕ್ಕೆ ನಮ್ಮ ಸ್ಟೇಟ್ ಯೂನಿವರ್ಸಿಟಿಗೂ ನವೆಂಬರಿನಲ್ಲೇ ಅರ್ಜಿ ಹಾಕಿದ್ದಳು, ಈಗ ಅಲ್ಲೇ ಓದುತ್ತಿದ್ದಾಳೆ.

ಹಾಗಂತ ಕ್ಯಾಲ್ಕ್ಯುಲೇಟರ್ ಬೇಡ ಅನ್ನುತ್ತಿಲ್ಲ. ಟ್ಯಾಕ್ಸ್ ರಿಟರ್ನ್ ಪಕ್ಕದಲ್ಲಿ ಇಟ್ಟುಕೊಂಡು ತುಂಬಿ, ಅಂದಾಜಿನ ಮೇಲೆ ಬೇಡ. ಬಂದ ಅಂಕಿಯ ಮೇಲೆ ಇನ್ನೂ 10,000 ಸೇರಿಸಿ, ಅಷ್ಟು ಕೊಡಬಲ್ಲೆವಾ ಅಂತ ಮಗುವನ್ನೂ ಕೂರಿಸಿಕೊಂಡು ಮಾತಾಡಿ. ಆಗುವುದಿಲ್ಲ ಅನ್ನಿಸಿದರೆ ಸುಮ್ನೆ ರೆಗ್ಯುಲರ್‌ನಲ್ಲಿ, ಅಂದರೆ ಬಂದೇ ಬರುತ್ತೇನೆ ಅಂತ ಮಾತು ಕೊಡದೆ, ಹಾಕಿ, ವಸಂತದಲ್ಲಿ ನಾಲ್ಕು ಪತ್ರ ಪಕ್ಕಪಕ್ಕ ಇಟ್ಟು ನೋಡಿ.

ಮಗ ಈಗ ಹತ್ತನೇ ಕ್ಲಾಸು. ಹೋದ ಭಾನುವಾರ ಅವನಿಗೋಸ್ಕರ ಮತ್ತೆ ಕ್ಯಾಲ್ಕ್ಯುಲೇಟರ್ ತೆಗೆದೆ. ಮನೆ ಬೆಲೆಯ ಖಾನೆ ಬಂದ ತಕ್ಷಣ ನಮ್ಮವರು ಏನೂ ಮಾತಾಡದೆ ತಮ್ಮ ಫೋನು ತೆಗೆದು, ಪಕ್ಕದ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಹುಡುಕತೊಡಗಿದರು.